ಮೊದಲು ಹೆಸರು ಕೇಳು

ಮಲಪ್ರಭೆಯ ದಂಡೆಯ ಮೇಲೆ ಒಂದು ಮಠವಿತ್ತು. ದೇವರಿಗೆ ಕೈ ಮುಗಿಯಲು ಬರುವವರಿಗಿಂತ ಜ್ವರ, ಕೆಮ್ಮು, ಹೊಟ್ಟೆನೋವು ಹೊತ್ತುಕೊಂಡು ಬರುವವರೇ ಅಲ್ಲಿ ಹೆಚ್ಚು. ಮಠದ ಮುರಗಯ್ಯ ಅಜ್ಜ ನಾಡಿ ನೋಡಿ ಔಷಧ ಕೊಡುತ್ತಿದ್ದರು. ಕಲಿಯುತ್ತೇನೆಂದು ಬಂದವರಿಗೆ ಆ ವಿದ್ಯೆಯನ್ನು ಕಲಿಸುತ್ತಲೂ ಇದ್ದರು.

ಒಂದು ಬೆಳಗ್ಗೆ ತಲೆ ನರೆತ ಮನುಷ್ಯನೊಬ್ಬ ಬಗಲಲ್ಲಿ ಬಟ್ಟೆಯ ಗಂಟು ಹಿಡಿದುಕೊಂಡು ಬಂದು ಕಟ್ಟೆಯ ಕೆಳಗೆ ನಿಂತ. ಅಜ್ಜ ಕಣ್ಣು ಕಿರಿದು ಮಾಡಿ ನೋಡಿದರು.

"ಅಡಿವೆಪ್ಪ ಅಲ್ಲೇನು?"

"ಹೌದ್ರಿ ಅಜ್ಜಾರ."

"ಮಗ್ಗ ಏನಾತು?"

"ತಮ್ಮಗ ಬಿಟ್ಟು ಬಂದೀನ್ರಿ. ನನ್ನ ಕಲಿಕಿ ಅರ್ಧಕ್ಕ ನಿಂತಿತ್ತು. ಪೂರ್ತಿ ಮಾಡಬೇಕಂತ ಬಂದೆ."

ಮೀಸೆ ಮೂಡುವ ವಯಸ್ಸಿನಲ್ಲಿ ಅಡಿವೆಪ್ಪ ಇದೇ ಕಟ್ಟೆಯ ಮೇಲೆ ವೈದ್ಯ ಕಲಿಯಲು ಕೂತವನು. ಅಪ್ಪ ತೀರಿಕೊಂಡ, ಮನೆಯ ಮಗ್ಗ ಖಾಲಿ ಬಿತ್ತು, ಇವನು ಎದ್ದು ಹೋದ. ಸೀರೆ ನೇಯ್ದ, ಮದುವೆಯಾದ, ಹೆಂಡತಿ ನಿಂಬೆವ್ವನ ಜೊತೆ ಸುಖವಾಗಿಯೇ ಇದ್ದ. ಹೋದ ಮಳೆಗಾಲದಲ್ಲಿ ನಿಂಬೆವ್ವ ಒಳಜ್ವರ ಬಂದು ಸತ್ತಳು. ಅವಳ ಕೈ ಹಿಡಿದುಕೊಂಡೇ ಅವನು ಕೂತಿದ್ದ. ಆ ಕೈಯಲ್ಲಿ ನಾಡಿ ಓಡುತ್ತಿತ್ತು. ಅದು ಏನು ಹೇಳುತ್ತಿದೆ ಎಂದು ಅವನಿಗೆ ತಿಳಿಯಲಿಲ್ಲ.

"ಈ ವಯಸ್ಸಿನಾಗ ಕಷ್ಟ ಐತಪ್ಪ," ಎಂದರು ಅಜ್ಜ. "ಮೊದಲು ಬಂದವರು ಇಲ್ಲಿ ಹಿರಿಯರು. ಸಣ್ಣ ಹುಡುಗರ ಕೆಳಗ ಕೂಡಬೇಕಾಗತೈತಿ."

"ಕೂಡತೀನ್ರಿ."

"ಮತ್ತೇನರ ಕೇಳೋದೈತೇನು?"

ಇತ್ತು. ಅದೊಂದನ್ನು ಕೇಳಲಿಕ್ಕೆಂದೇ ಅವನು ಅಷ್ಟು ದೂರ ನಡೆದು ಬಂದಿದ್ದ.

"ನಾ ಅವತ್ತ ಇಲ್ಲಿಂದ ಎದ್ದು ಹೋಗದಿದ್ರ, ಪೂರ್ತಿ ಕಲ್ತಿದ್ರ, ನಮ್ಮ ನಿಂಬೆವ್ವ ಬದುಕತಿದ್ಲೇನ್ರಿ?"

ಅಜ್ಜ ಕಟ್ಟೆಯಿಂದ ಎದ್ದರು.

"ಒಳಗ ಬಾ," ಎಂದರು. "ಗಂಟು ಇಡು."

ಆ ಮಠದಲ್ಲಿ ಒಂದು ಪದ್ಧತಿ ಇತ್ತು. ರೋಗಿ ಬಂದರೆ ಮೊದಲು ಕುಡಿಯಲು ನೀರು ಕೊಡಬೇಕು. ಹೆಸರು ಕೇಳಬೇಕು, ಊರು ಕೇಳಬೇಕು, ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂದು ಕೇಳಬೇಕು. ಕೈ ಹಿಡಿಯುವುದು ಆಮೇಲೆ.

ಅಡಿವೆಪ್ಪನಿಗೆ ಇದೆಲ್ಲ ಹೊತ್ತು ಕಳೆಯುವ ಕೆಲಸ ಅನಿಸಿತು. ಹುಡುಗರಿಗೇನು, ಮುಂದೆ ಬೇಕಾದಷ್ಟು ಆಯುಷ್ಯ ಬಿದ್ದಿದೆ. ತನಗೆಲ್ಲಿದೆ? ಉಣ್ಣುವಾಗ ಶ್ಲೋಕ ಬಾಯಿಪಾಠ ಮಾಡಿದ, ಬೇರು ಅರೆಯುವಾಗ ಔಷಧಗಳ ಹೆಸರು ಗುನುಗಿದ. ಶಿವಪುತ್ರ ಎಂಬ ಶಿಷ್ಯನಿಗೆ ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ, ಆದರೆ ಮಠದ ಲೆಕ್ಕದಲ್ಲಿ ಅವನೇ ಹಿರಿಯ. ಅವನು ನಗುತ್ತಿದ್ದ.

"ಕಾಕಾ, ಸ್ವಲ್ಪ ಉಸಿರಾಡ್ರಿ. ಹಿಂಗ ಓಡಿದ್ರ ಮೊದಲು ನಿಮ್ಮ ನಾಡಿನ ನೋಡಬೇಕಾಗತೈತಿ."

"ನಗಪ್ಪಾ, ನಗು. ನಿನಗ ಹೊತ್ತೈತಿ."

ಕೆಲವು ತಿಂಗಳಾದ ಮೇಲೆ ಅಜ್ಜ ಅವನಿಗೂ ನಾಡಿ ಹಿಡಿಯಲು ಹೇಳಿದರು.

ಒಂದು ಮಧ್ಯಾಹ್ನ ಅತ್ತೆ ಸೊಸೆ ಬಂದರು. ಅಡಿವೆಪ್ಪ ನೀರು ಕೊಡಲಿಲ್ಲ, ಹೆಸರು ಕೇಳಲಿಲ್ಲ. ಸೊಸೆ ಕಟ್ಟೆಯ ಮೇಲೆ ಕೂಡುವುದರೊಳಗೆ ಅವಳ ಕೈ ಹಿಡಿದ. ನಾಡಿ ಓಡುತ್ತಿತ್ತು. ಅವನ ಮುಖ ಬಿಳಿಚಿಕೊಂಡಿತು.

"ಒಳಜ್ವರ," ಎಂದ. "ಕೈ ಮೀರೈತಿ."

ಅತ್ತೆ ಎದೆ ಎದೆ ಬಡಿದುಕೊಂಡಳು. ಅಲ್ಲಿಯವರೆಗೆ ನಗುನಗುತ್ತ ಬಂದಿದ್ದ ಹುಡುಗಿ ಗೋಡೆಗೆ ಒರಗಿಬಿಟ್ಟಳು.

ಅಳು ಕೇಳಿ ಅಜ್ಜ ಒಳಗಿಂದ ಬಂದರು. ತಂಬಿಗೆಯಲ್ಲಿ ನೀರು ತಂದು ಕೊಟ್ಟರು.

"ಹೆಸರೇನವ್ವಾ?"

"ದ್ಯಾಮವ್ವ ರಿ."

"ಎಲ್ಲಿಂದ ಬಂದ್ರಿ?"

"ಹೊಳಿ ಆಚಿಂದ ರಿ. ಬಿಸಲಾಗ ನಡಕೋತ ಬಂದೀವಿ."

ಅಜ್ಜ ಅವಳ ಪಕ್ಕದಲ್ಲಿ ಸುಮ್ಮನೆ ಕೂತರು. ಅವಳ ಉಸಿರು ಇಳಿದ ಮೇಲೆ ಕೈ ಹಿಡಿದರು. ಮತ್ತೆರಡು ಮಾತು ಕೇಳಿ ಅತ್ತೆಯ ಕಡೆ ತಿರುಗಿದರು.

"ಜ್ವರಾನೂ ಇಲ್ಲ, ಗಿರಾನೂ ಇಲ್ಲ. ನಿನ್ನ ಸೊಸಿ ಬಸರಿ ಅದಾಳ ತಾಯಿ. ಇಂಥ ಬಿಸಲಾಗ ನಡಸಿಕೊಂಡು ಬರತಾರೇನು?"

ಅತ್ತೆ ಅಳುತ್ತಳುತ್ತಲೇ ನಕ್ಕಳು. ನಗು ಮುಗಿದ ಮೇಲೆ ಅಡಿವೆಪ್ಪನ ಮೇಲೆ ಹರಿಹಾಯ್ದಳು. "ಎಂಥಾ ವೈದ್ಯನೋ ನೀನು! ನನ್ನ ಜೀವ ಬಾಯಿಗೆ ಬಂದಿತ್ತು!"

ಸಂಜೆ ಅಜ್ಜ ಅವನನ್ನು ಕರೆದರು.

"ಇವತ್ತ ಯಾರ ಕೈ ಹಿಡಿದಿದ್ದಿ?"

"ಆ ಹೆಣ್ಮಗಳದು ರಿ."

"ಮೊನ್ನಿ ಬಂದ ಮುದುಕಗೂ ಒಳಜ್ವರ ಅಂದಿ. ಅವನಕಿಂತ ಮೊದಲು ಬಂದ ಕುಂಬಾರಗೂ ಅದನ್ನ ಅಂದಿ. ಯಾರ ಕೈ ಹಿಡಿದಿದ್ದಿ, ಅಡಿವೆಪ್ಪ?"

ಅಡಿವೆಪ್ಪ ತಲೆ ಕೆಳಗೆ ಹಾಕಿದ. ಯಾರ ಕೈ ಎಂದು ಅವನಿಗೆ ಗೊತ್ತಿತ್ತು. ಬಂದವರೆಲ್ಲರ ಮಣಿಕಟ್ಟಿನಲ್ಲಿ ಅವನು ನಿಂಬೆವ್ವನನ್ನೇ ಹುಡುಕುತ್ತಿದ್ದ. ಅವನ ಕಣ್ಣು ತುಂಬಿ ಬಂತು.

"ಇನ್ನ ಯಾರ ನಾಡಿನೂ ಹಿಡೀಬ್ಯಾಡ," ಎಂದರು ಅಜ್ಜ. "ಬಾಗಲದಾಗ ಕೂಡು. ಬಂದವರಿಗೆ ನೀರು ಕೊಡು, ಹೆಸರು ಕೇಳು."

"ಎಲ್ಲೀತನಕ ರಿ?"

"ನಾ ಹೇಳೋತನಕ."

ನರೆತ ತಲೆಯವನು ಬಾಗಿಲಲ್ಲಿ ತಂಬಿಗೆ ಹಿಡಿದು ಕೂತ. ಅವಮಾನವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೊದಮೊದಲು ಹೆಸರು ಕೇಳಿ, ಉತ್ತರ ಬರುವುದರೊಳಗೆ ಅವನ ಮನಸ್ಸು ಒಳಗಿನ ಪಾಠಕ್ಕೆ ಓಡುತ್ತಿತ್ತು.

ಆದರೆ ಮಂದಿ ಬರೀ ಹೆಸರು ಹೇಳಿ ಸುಮ್ಮನಾಗುವವರಲ್ಲ. ಒಬ್ಬ ತನ್ನ ಹೆಸರಿನ ಜೊತೆ ಎತ್ತುಗಳ ಹೆಸರನ್ನೂ ಹೇಳಿದ. ಒಬ್ಬ ಮುದುಕಿ ಹೆಸರು ಕೇಳಿದ್ದಕ್ಕೇ ಅತ್ತಳು. ಎಷ್ಟೋ ಕಾಲದಿಂದ ಅವಳನ್ನು ಎಲ್ಲರೂ ಮುದುಕಿ ಎಂದೇ ಕರೆಯುತ್ತಿದ್ದರಂತೆ. ಕೆಮ್ಮುತ್ತ ಬಂದ ಬಡಿಗನೊಬ್ಬ ಅರ್ಧ ದಿನ ಮಾತಾಡಿ, ಔಷಧ ಕೇಳುವುದನ್ನೇ ಮರೆತು ಹೊರಟಿದ್ದ. ಅಡಿವೆಪ್ಪ ಓಡಿಹೋಗಿ ಅವನನ್ನು ಕರೆದುಕೊಂಡು ಬಂದ.

ಒಂದು ದಿನ ಊಟಕ್ಕೆ ಕೂತಾಗ, ಬೆಳಗಿನಿಂದ ತನಗೆ ನಿಂಬೆವ್ವನ ನೆನಪೇ ಬಂದಿಲ್ಲ ಎಂದು ಅವನಿಗೆ ಹೊಳೆಯಿತು. ಕೈಯಲ್ಲಿದ್ದ ತುತ್ತನ್ನು ತಾಟಿಗೆ ಬಿಟ್ಟ. ಎದ್ದು ಹೋಗಿ ಹೊಳೆಯ ಮೆಟ್ಟಿಲ ಮೇಲೆ ಕೂತು, ತಪ್ಪು ಮಾಡಿದವನ ಹಾಗೆ ಅತ್ತ.

ಮತ್ತೆ ಮಳೆಗಾಲ ಬಂತು. ಒಂದು ಎತ್ತಿನ ಚಕ್ಕಡಿ ಮಠದ ಮುಂದೆ ನಿಂತಿತು. ಗಂಡ ತನ್ನ ಹೆಂಡತಿಯನ್ನು ಎತ್ತಿಕೊಂಡು ಇಳಿಸಿದ. ಅಡಿವೆಪ್ಪ ನೀರು ಕೊಟ್ಟ. ಅವಳಿಗೆ ಒಂದೇ ಗುಟುಕು ಇಳಿಯಿತು.

"ಹೆಸರೇನವ್ವಾ?"

"ಫಕೀರವ್ವ ರಿ," ಎಂದ ಗಂಡ.

ಅವಳು ಕಣ್ಣು ತೆರೆದು ಅಡಿವೆಪ್ಪನನ್ನು ನೋಡಿದಳು. "ಲಗೂನ ಕಳಸ್ರಿ ಅಣ್ಣಾ. ನಮ್ಮ ಎಮ್ಮಿ ನನ್ನ ಬಿಟ್ರ ಯಾರಿಗೂ ಹಾಲು ಕೊಡಂಗಿಲ್ಲ."

ಒಳಗಿಂದ ಅಜ್ಜ ಕರೆದರು. "ಅಡಿವೆಪ್ಪ, ಬಾ. ಕೈ ಹಿಡಿ."

ಅವನು ಕೂತು ಕೈ ಹಿಡಿದ. ಅದೇ ಓಟ. ಹೋದ ಮಳೆಗಾಲದಲ್ಲಿ ತನ್ನ ಕೈಯೊಳಗೆ ಓಡಿ ನಿಂತುಹೋದದ್ದು ಇದೇ.

"ಏನೈತಿ?"

"ಒಳಜ್ವರ ರಿ." ಈ ಸಲ ಅದು ನಿಜವಾಗಿತ್ತು.

"ಯಾರ ಕೈ?"

"ಫಕೀರವ್ವಂದು ರಿ," ಎಂದ ಅಡಿವೆಪ್ಪ. "ಮನ್ಯಾಗ ಎಮ್ಮಿ ಐತ್ರಿ. ಇವರನ್ನ ಬಿಟ್ರ ಯಾರಿಗೂ ಹಾಲು ಕೊಡಂಗಿಲ್ಲಂತ."

ಅಜ್ಜ ತಲೆಯಾಡಿಸಿ ಅವನ ಪಕ್ಕದಲ್ಲಿ ಕೂತರು.

ಕಷಾಯ ಕುದಿಸುವ ಕೆಲಸವನ್ನು ಆ ಸಲ ಅಜ್ಜ ಯಾರಿಗೂ ಬಿಡಲಿಲ್ಲ. ತಾವೇ ಬೇರು ಆರಿಸಿದರು, ತಾವೇ ಅರೆದರು, ತಾವೇ ಚಮಚದಲ್ಲಿ ಕುಡಿಸಿದರು. ಅಡಿವೆಪ್ಪ ಒದ್ದೆ ಬಟ್ಟೆ ಹಿಂಡಿ ಹಿಂಡಿ ಅವಳ ಹಣೆಯ ಮೇಲೆ ಹಾಕಿದ. ಒಂದು ದಿನ ಜ್ವರ ಇಳಿಯಿತು. ಗಂಜಿ ಬೇಕೆಂದಳು, ಎಲ್ಲರೂ ನಕ್ಕರು. ಮರುದಿನ ಮತ್ತೆ ಏರಿತು.

ಒಂದು ಬೆಳಗ್ಗೆ ಬಿಸಿಲು ಬಿದ್ದ ಮೇಲೆ ಫಕೀರವ್ವ ಸತ್ತಳು. ಅವಳ ಕೈ ಅಜ್ಜನ ಕೈಯಲ್ಲಿತ್ತು. ಅವರು ಅದನ್ನು ಕೂಡಲೇ ಬಿಡಲಿಲ್ಲ. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಅವಳ ಎದೆಯ ಮೇಲೆ ಇಟ್ಟರು. ಗಂಡನ ಬೆನ್ನು ಸವರಿದರು. ಚಕ್ಕಡಿ ತಿರುವು ದಾಟುವವರೆಗೂ ಬಾಗಿಲಲ್ಲಿ ನಿಂತಿದ್ದು, ಹೊಳೆಗೆ ಇಳಿದರು.

ಅಡಿವೆಪ್ಪ ಹಿಂದೆಯೇ ಹೋದ. ಅಜ್ಜ ಮುಳುಗಿ ಎದ್ದು ಮೆಟ್ಟಿಲ ಮೇಲೆ ಕೂತರು. ಇವನು ಅವರ ಕೆಳಗಿನ ಮೆಟ್ಟಿಲಲ್ಲಿ ಕೂತ.

"ಅಜ್ಜಾರ, ನೀವು ಒಂದು ದಿನಾನೂ ಇಲ್ಲಿಂದ ಎದ್ದು ಹೋಗಿಲ್ಲ."

"ಇಲ್ಲ."

"ಪೂರ್ತಿ ಕಲ್ತೀರಿ."

"ಕಲ್ತದ್ದಷ್ಟೂ ಅಕಿಗೆ ಕೊಟ್ಟೆ."

ಅಡಿವೆಪ್ಪ ಮುಖ ಮುಚ್ಚಿಕೊಂಡು ಅತ್ತ. ಅಷ್ಟು ದೂರದಿಂದ ಹೊತ್ತು ತಂದಿದ್ದ ಪ್ರಶ್ನೆಯನ್ನು ಇನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ. ಎದೆ ಹಗುರಾಯಿತು. ಹಗುರಾದದ್ದಕ್ಕೂ ದುಃಖವಾಯಿತು. ಆ ದುಃಖದ ಹಿಂದೆಯೇ ಇನ್ನೊಂದು ಪ್ರಶ್ನೆ ಎದ್ದಿತು.

"ಹಂಗಾದ್ರ ಯಾಕ ಕಲೀಬೇಕ್ರಿ ಅಜ್ಜಾರ? ಈ ವಯಸ್ಸಿನಾಗ ನಾ ಯಾಕ ಬಂದೆ?"

ಅಜ್ಜ ಎದ್ದು ಪಂಚೆಯ ಅಂಚು ಹಿಂಡಿದರು. ಮೇಲೆ, ಮಠದ ಬಾಗಿಲಲ್ಲಿ, ಯಾರೋ ಕೆಮ್ಮಿದರು. "ಅಜ್ಜಾರು ಅದಾರೇನ್ರಿ?" ಎಂಬ ಕೂಗು ಕೇಳಿತು.

ಅಜ್ಜ ತಮ್ಮ ಒದ್ದೆ ಕೈಯನ್ನು ಅಡಿವೆಪ್ಪನ ಹೆಗಲ ಮೇಲೆ ಇಟ್ಟರು.

"ಯಾರೋ ಬಂದಾರ. ಹೋಗು, ಹೆಸರು ಕೇಳು. ಈ ಸಲ ಕೈನೂ ನೀನ ಹಿಡಿ."