ವರ್ತಕ ಹೊಲಿದ ಮೊದಲ ಜೊತೆ

“ಕಲಿಯುವವನ ಕೈಯಿಂದ ಆದ ತಪ್ಪಿಗೂ ದೋಷವಿದೆಯೇ?” ಎಂದು ಶಿಷ್ಯ ಕೇಳಿದ.

ಆಶ್ರಮದ ಮಕ್ಕಳಿಗೆ ಅಕ್ಷರ ಹೇಳಿಕೊಡುವ ಕೆಲಸವನ್ನು ಅವನು ಆಗಷ್ಟೇ ವಹಿಸಿಕೊಂಡಿದ್ದ. ಗುರು ಅವನ ಕೈಯಲ್ಲಿದ್ದ ಬೆತ್ತವನ್ನು ನೋಡಿದರು. ಅವನು ಅದನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ.

“ತಪ್ಪು ಮಾಡದೆ ಯಾರೂ ಯಾವುದನ್ನೂ ಕಲಿತಿಲ್ಲ. ಕೈ ಪಳಗುವ ತನಕ ಸ್ವಲ್ಪ ಹೆಚ್ಚು ಕಡಿಮೆ ಆಗಿಯೇ ಆಗುತ್ತದೆ. ಅದನ್ನೂ ತಪ್ಪೆಂದು ಹಿಡಿದರೆ ಕಲಿಯುವುದು ಹೇಗೆ?” ಎಂದು ಅವನೇ ಮುಂದುವರಿಸಿದ.

“ಕೂತುಕೋ” ಎಂದರು ಗುರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಬೆಲ್ಲದ ವರ್ತಕನಿದ್ದ. ಮಗ ಅಂಗಡಿಯಲ್ಲಿ ಕೂರತೊಡಗಿದ ಮೇಲೆ ಅವನಿಗೆ ಕೆಲಸವಿಲ್ಲದಾಯಿತು. ಉಂಡ, ಮಲಗಿದ, ಜಗಲಿಯಲ್ಲಿ ಕೂತು ಬೀದಿಯಲ್ಲಿ ಹೋಗಿಬರುವವರನ್ನು ನೋಡಿದ. ಅದೂ ಬೇಸರವಾಯಿತು.

ಅವನ ಮನೆಯೆದುರಿನ ಹುಣಸೆಮರದ ಕೆಳಗೆ ಒಬ್ಬ ಮೆಟ್ಟು ಹೊಲಿಯುತ್ತಿದ್ದ. ಅವನು ತೊಗಲು ಕೊಯ್ಯುವುದು, ಚುಚ್ಚುವುದು, ದಾರ ತೂರಿಸಿ ಎಳೆಯುವುದು ಇವನ್ನೇ ನೋಡುತ್ತಾ ಕೂತ ವರ್ತಕನಿಗೆ ತಾನೂ ಕಲಿಯಬೇಕೆನಿಸಿತು. ಹೊಟ್ಟೆಪಾಡಿಗಲ್ಲ, ಹೊತ್ತು ಹೋಗಲಿ ಎಂದು.

ಬೇಕಾದುದನ್ನೆಲ್ಲ ಅವನು ತರಿಸಿಕೊಂಡ. ತೊಗಲು ಕೊಯ್ಯಲು ಅರ್ಧಚಂದ್ರದಂಥ ರಂಪಿಗೆ, ಚುಚ್ಚಲು ದಬ್ಬಳ, ಬಡಿಯಲು ಮರದ ಕೊಡತಿ, ಮೇಣ ತಿಕ್ಕಿದ ದಾರ. ಅಡಿಯ ಅಟ್ಟೆಗೆ ಎಮ್ಮೆಯ ತೊಗಲು, ಮೇಲಿನ ಬಾರಿಗೆ ಆಡಿನ ತೊಗಲು. ಮರದ ಕೆಳಗಿನವನ ರಂಪಿಗೆ ಅವನ ತಂದೆಯ ಕಾಲದ್ದು, ಅರ್ಧ ಸವೆದಿತ್ತು. ವರ್ತಕನ ರಂಪಿಗೆಯಲ್ಲಿ ಮುಖ ಕಾಣುತ್ತಿತ್ತು.

ವರ್ತಕನ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ಬೆಲ್ಲ ತೂಗಿದ ಕೈಯಲ್ಲಿ ತೊಗಲು ಹಿಡೀತೀರಾ? ಹಿಡೀರಿ. ನನ್ನ ಅಡುಗೆಮನೆ ಹೊಸಲು ಮಾತ್ರ ದಾಟಬೇಡಿ” ಎಂದಳು.

ಆದರೆ ಪೇಟೆಯವರು ಬಂದು ನೋಡಿ ಹೊಗಳತೊಡಗಿದರು. ಇಷ್ಟು ದೊಡ್ಡ ಮನುಷ್ಯ ಇಂಥ ಕೆಲಸಕ್ಕೆ ಕೂತಿದ್ದಾನಲ್ಲ, ಎಷ್ಟು ಸರಳ ಎಂದರು. ಅದೇ ಕೆಲಸವನ್ನು ಎದುರಿನ ಮರದ ಕೆಳಗೆ ಚಿಕ್ಕಂದಿನಿಂದ ಮಾಡುತ್ತಿದ್ದವನಿಗೆ ಅವರು ಕುಡಿಯುವ ನೀರನ್ನೂ ಎತ್ತರದಿಂದ ಹೊಯ್ಯುತ್ತಿದ್ದರು. ನಾಲ್ಕು ಜನ ಹೊಗಳಿದ ಮೇಲೆ ಹೆಂಡತಿಗೂ ತೊಗಲಿನ ವಾಸನೆ ಬರುವುದು ನಿಂತಿತು.

ವರ್ತಕ ಮೊದಲು ಎಲೆಯಡಿಕೆಯ ಚೀಲವೊಂದನ್ನು ಹೊಲಿದ. ಅದು ಸೊಟ್ಟಗಾಯಿತು. ಚೀಲ ಸೊಟ್ಟಗಾದರೆ ಅಡಿಕೆಗೇನೂ ನೋವಿಲ್ಲ. ಆಮೇಲೆ ಎತ್ತಿನ ಕೊರಳಿಗೆ ಗಂಟೆಯ ಪಟ್ಟಿ ಹೊಲಿದ. ಪಟ್ಟಿಯ ಅಂಚು ಎತ್ತಿನ ಕೊರಳನ್ನು ಒತ್ತಿತು. ಎತ್ತು ಕಂಬಕ್ಕೆ ಕತ್ತು ತಿಕ್ಕಿ ತಿಕ್ಕಿ, ಸಂಜೆಯೊಳಗೆ ಅದನ್ನು ಹರಿದು ಸಗಣಿಯಲ್ಲಿ ತುಳಿದು ಹಾಕಿತು. ವರ್ತಕ ನಕ್ಕ. ಇನ್ನು ಮೆಟ್ಟು ಹೊಲಿಯುತ್ತೇನೆ ಎಂದ.

ಯಾರ ಅಳತೆಗೆ ಹೊಲಿಯುವುದು ಎಂಬ ಮಾತು ಬಂತು. ಹೆಂಡತಿ ತನಗೆ ಬೇಡ ಎಂದಳು. ಗಿರಾಕಿಗಳು ನಗುತ್ತಾರೆ ಎಂದ ಮಗ. ಉಳಿದವಳು ಸೊಸೆ. ಅವಳನ್ನು ಯಾರೂ ಕೇಳಲಿಲ್ಲ. ಅವಳಿಗೆ ಇನ್ನೂ ತೆವಳುವ ಮಗಳೊಬ್ಬಳಿದ್ದಳು. ಸೊಂಟದಲ್ಲಿ ಮಗು, ತಲೆಯ ಮೇಲೆ ಕೊಡ ಹೊತ್ತು ಬೀದಿಯ ಕೊನೆಯ ಬಾವಿಗೆ ದಿನವಿಡೀ ನಡೆಯುವವಳು ಆ ಮನೆಯಲ್ಲಿ ಅವಳೊಬ್ಬಳೇ.

ವರ್ತಕ ತೊಗಲನ್ನು ನೆಲದ ಮೇಲೆ ಹಾಸಿ, ಸೊಸೆಯ ಪಾದವನ್ನು ಅದರ ಮೇಲೆ ಇಡಿಸಿ, ಸುತ್ತಲೂ ಇದ್ದಿಲಿನ ಗೆರೆ ಎಳೆದ. ಮಾವ ತನ್ನ ಕಾಲ ಬಳಿ ಕೂತದ್ದಕ್ಕೆ ಅವಳು ನಾಚಿ ಹಿಡಿಯಷ್ಟಾದಳು.

ಮೆಟ್ಟು ತಯಾರಾಯಿತು. ಮೇಲಿನಿಂದ ನೋಡಿದರೆ ಚಂದವಾಗಿತ್ತು. ಬಾರಿನ ಮೇಲೆ ಹೂವು ಕೊರೆದಿದ್ದ. ಒಳಗಡೆ ಮಾತ್ರ ಬಾರಿನ ಅಂಚನ್ನು ತೆಳ್ಳಗೆ ಹೆರೆದಿರಲಿಲ್ಲ. ಹೊಲಿಗೆಯ ಗಂಟುಗಳನ್ನು ಬಡಿದು ಕೂರಿಸಿರಲಿಲ್ಲ. ಬಲಗಾಲಿನದರಲ್ಲಿ, ಕಿರುಬೆರಳು ತಾಗುವ ಕಡೆ ಒಂದು ಗಂಟು ಕಡಲೆಕಾಳಿನ ಹಾಗೆ ಎದ್ದು ನಿಂತಿತ್ತು.

ವರ್ತಕ ಅದನ್ನು ಮರದ ಕೆಳಗಿನವನಿಗೆ ತೋರಿಸಿದ. ಅವನು ಒಳಗೆ ಬೆರಳಾಡಿಸಿದ. ಬೆರಳು ಗಂಟಿನ ಮೇಲೆ ನಿಂತಿತು. ಮರ ವರ್ತಕನದು, ಮರದ ನೆರಳೂ ವರ್ತಕನದೇ.

“ಚೆನ್ನಾಗೈತೆ ಧಣಿ. ಒಳಗೊಂದು ಗಂಟು ಮಾತ್ರ…” ಎಂದು ಅವನು ಎಳೆದ.

“ಗೊತ್ತು, ಗೊತ್ತು. ಮುಂದಿನ ಜೊತೆಯಲ್ಲಿ ಸರಿ ಮಾಡ್ತೀನಿ” ಎಂದ ವರ್ತಕ.

ಮರದ ಕೆಳಗಿನವನು ಬೆರಳು ತೆಗೆದ.

ಸೊಸೆ ಮೆಟ್ಟು ಹಾಕಿಕೊಂಡು ಬಾವಿಗೆ ಹೋದಳು. ಬಾವಿಕಟ್ಟೆಯ ಹೆಂಗಸರು ಕೊಡ ಕೆಳಗಿಟ್ಟು ನೋಡಿದರು. ಮಾವನೇ ಕೂತು ಸೊಸೆಗೆ ಮೆಟ್ಟು ಹೊಲಿದುಕೊಟ್ಟದ್ದನ್ನು ಎಲ್ಲಿಯೂ ಕೇಳಿಲ್ಲ, ಪುಣ್ಯ ಮಾಡಿ ಹುಟ್ಟಿದ್ದಾಳೆ ಎಂದರು. ಅಷ್ಟು ಹೇಳಿಸಿಕೊಂಡ ಮೇಲೆ ಅದನ್ನು ಕಳಚಿ ಕೈಯಲ್ಲಿ ಹಿಡಿದು ಬರುವುದು ಅವಳಿಂದ ಆಗಲಿಲ್ಲ. ಕುಂಟುತ್ತಾ ಮನೆಗೆ ಬಂದಳು.

ಮೆಟ್ಟು ಕಚ್ಚುತ್ತದೆ ಎಂದು ಗಂಡನಿಗೆ ಹೇಳಿದಳು.

“ಹೊಸ ಮೆಟ್ಟು ಕಚ್ಚದೆ ಮುದ್ದಾಡುತ್ತೇನೆ? ಹರಳೆಣ್ಣೆ ಹಚ್ಚು, ತಾನೇ ಸಡಿಲಾಗುತ್ತೆ” ಎಂದ ಗಂಡ.

ಅವನು ಹೇಳಿದ್ದು ಸುಳ್ಳಲ್ಲ. ಹೊಸ ಮೆಟ್ಟು ಎಲ್ಲರಿಗೂ ಕಚ್ಚುತ್ತದೆ. ಎಲ್ಲರಿಗೂ ಕಚ್ಚುವುದರಿಂದಲೇ ಅವಳಿಗೆ ಕಚ್ಚಿದ್ದು ಬೇರೆ ಎಂದು ಯಾರಿಗೂ ಹೊಳೆಯಲಿಲ್ಲ. ಅವಳಿಗೂ ಹೊಳೆಯಲಿಲ್ಲ. ಹರಳೆಣ್ಣೆ ಹಚ್ಚಿದಳು. ಬಾರು ಮೆತ್ತಗಾಯಿತು. ಗಂಟು ಮೆತ್ತಗಾಗಲಿಲ್ಲ.

ಬೆರಳಿಗೆ ಅರಿಸಿನ ಹಚ್ಚಿ ಬಟ್ಟೆ ಸುತ್ತಿಕೊಂಡಳು. ಅತ್ತೆ ಅದನ್ನು ನೋಡಿದಳು.

“ಈ ವಯಸ್ಸಲ್ಲಿ ಅವರು ಕೈಯೆಲ್ಲ ಚುಚ್ಚಿಕೊಂಡು ಹೊಲಿದಿದ್ದಾರೆ. ಮಹಾರಾಣಿಗೆ ಒಂದು ಗುಳ್ಳೆ ಭಾರವಾಯ್ತಾ?” ಎಂದಳು.

ಸೊಸೆ ಮೆಟ್ಟನ್ನು ಬಾಗಿಲ ಮರೆಯಲ್ಲಿ ಬಿಟ್ಟು ಬರಿಗಾಲಲ್ಲಿ ಹೊರಟರೆ, ವರ್ತಕ ಜಗಲಿಯಿಂದಲೇ ಕೇಳುತ್ತಿದ್ದ, “ಮೆಟ್ಟಿನ ಸದ್ದೇ ಇಲ್ವಲ್ಲಮ್ಮ? ಹಿಡಿಸಲಿಲ್ವಾ?” ಅವನು ಪ್ರೀತಿಯಿಂದಲೇ ಕೇಳುತ್ತಿದ್ದ. ಗದರಿಸಿ ಕೇಳಿದ್ದರೆ ಹಿಡಿಸಲಿಲ್ಲ ಎಂದು ಒಂದು ದಿನ ಹೇಳಿಬಿಡುತ್ತಿದ್ದಳೋ ಏನೋ. ಅವಳು ಹಿಂದೆ ಬಂದು ಮೆಟ್ಟು ಹಾಕಿಕೊಂಡು ಹೋಗುತ್ತಿದ್ದಳು.

ಕೊನೆಗೆ ನೋವು ನಾಚಿಕೆಯನ್ನು ಮೀರಿತು. ವರ್ತಕ ತೊಗಲು ಹರಡಿಕೊಂಡು ಕೂತಿದ್ದಾಗ ಅವಳು ಬಂದು ಮುಂದೆ ನಿಂತಳು. ಸುತ್ತಿದ್ದ ಬಟ್ಟೆಯನ್ನೂ ಬಿಚ್ಚಿದ್ದಳು.

“ಮಾವ, ಬಲಗಾಲಿನದು ತುಂಬ ನೋಯುತ್ತಿದೆ.”

ವರ್ತಕನಿಗೆ ಬೇಸರವಾಗಲಿಲ್ಲ. ಉತ್ಸಾಹ ಬಂತು. “ಎಲ್ಲಿ, ಎಲ್ಲಿ? ಕೊಡು ನೋಡೋಣ” ಎಂದು ಮೆಟ್ಟನ್ನು ಕೈಗೆ ತೆಗೆದುಕೊಂಡ. ಬೆಳಕಿಗೆ ಹಿಡಿದ. ಒಳಗೆ ಬೆರಳಾಡಿಸಿದ. “ಆಹಾ, ಇಲ್ಲಿದೆ! ದಾರವನ್ನು ಹೊರಗಡೆ ಮುಗಿಸಬೇಕಿತ್ತು. ಒಳಗೆ ಮುಗಿಸಿದ್ದೇ ತಪ್ಪು. ಹೇಳಿ ಒಳ್ಳೇದು ಮಾಡಿದೆ ತಾಯಿ” ಎಂದ. ಮೆಟ್ಟನ್ನು ಅವಳಿಗೆ ಮರಳಿ ಕೊಟ್ಟು, ಹೊಸ ತೊಗಲಿನ ಮೇಲೆ ರಂಪಿಗೆ ಇಟ್ಟ.

ಹಳೆಯದನ್ನೇ ಬಿಚ್ಚಿ ಗಂಟು ತೆಗೆಯಬಹುದಿತ್ತು. ಆದರೆ ಹುರುಪಿನಲ್ಲಿ ಕಲಿಯುವವನಿಗೆ ಬಿಚ್ಚುವ ಕೆಲಸ ರುಚಿಸುವುದಿಲ್ಲ. ಅವನ ಕಣ್ಣು ಯಾವಾಗಲೂ ಮುಂದಿನ ಜೊತೆಯ ಮೇಲಿರುತ್ತದೆ. ಮುಂದಿನ ಜೊತೆಯನ್ನು ವರ್ತಕ ತನ್ನ ಗೆಳೆಯ, ಜವಳಿ ವ್ಯಾಪಾರಿಗೆ ಹೊಲಿದ. ದಾರವನ್ನು ಹೊರಗಡೆ ಮುಗಿಸಿದ. ಗೆಳೆಯ ಬೀದಿಯುದ್ದ ನಡೆದು ಬಂದು, ಕಾಲಲ್ಲಿ ಮೆಟ್ಟು ಇರುವುದೇ ತಿಳಿಯುವುದಿಲ್ಲ ಎಂದ. ಆ ದಿನ ವರ್ತಕನ ಮನೆಯಲ್ಲಿ ಪಾಯಸವಾಯಿತು. ಸೊಸೆ ಒಂಟಿಗಾಲಿಗೆ ಭಾರ ಕೊಟ್ಟು ಒಲೆಯ ಮುಂದೆ ನಿಂತು ಅದನ್ನು ಮಾಡಿದಳು.

ಅಷ್ಟರಲ್ಲಿ ಮಳೆ ಹಿಡಿಯಿತು. ಬಾವಿಯ ದಾರಿ ಕೆಸರಾಯಿತು. ನೆನೆದ ತೊಗಲು ಒಣಗುವಾಗ ಬಿಗಿಯಿತು. ಕೆಸರು ಹುಣ್ಣಿಗೆ ಇಳಿಯಿತು. ಬೆರಳು ಊದಿತು, ಆಮೇಲೆ ಕಪ್ಪಾಯಿತು. ಅವಳು ಜ್ವರದಲ್ಲಿ ಬಿದ್ದ ಮೇಲೆ ವೈದ್ಯ ಬಂದ. ಕಾಲು ಉಳಿಯಬೇಕಾದರೆ ಬೆರಳು ಹೋಗಬೇಕು ಎಂದ. ಎರಡು ಬೆರಳು ಹೋದವು. ಕಾಲು ಉಳಿಯಿತು. ಆದರೆ ಒಳಕ್ಕೆ ತಿರುಚಿಕೊಂಡು ಉಳಿಯಿತು. ಎದ್ದು ಓಡಾಡತೊಡಗಿದ ಮೇಲೆ ಅವಳು ಹೆಜ್ಜೆ ಹೆಜ್ಜೆಗೂ ಬಲಕ್ಕೆ ಕುಸಿದು ಏಳುತ್ತಿದ್ದಳು.

ಆ ಮನೆಯಲ್ಲಿ ಯಾರೂ ಯಾರನ್ನೂ ದೂರಲಿಲ್ಲ. ಮಳೆನೀರು ಕೆಟ್ಟದ್ದು ಎಂದರು. ಅವಳ ಮೈಯೇ ನಂಜಿನದು ಎಂದರು. ವರ್ತಕ ಅತ್ತ. ನಿಜವಾಗಿಯೇ ಅತ್ತ. ಆ ಜೊತೆಯನ್ನು ಒಲೆಗೆ ಹಾಕಿ ಸುಟ್ಟ. ಮನೆ ತುಂಬ ಕಮಟು ವಾಸನೆ ತುಂಬಿತು. ಸ್ವಲ್ಪ ದಿನ ರಂಪಿಗೆಯನ್ನು ಮುಟ್ಟಲಿಲ್ಲ. ಆಮೇಲೆ ಮುಟ್ಟಿದ. ಕೈಗೆ ಆಗಲೇ ಹದ ಸಿಕ್ಕಿತ್ತು. ಸಿಕ್ಕಿದ್ದನ್ನು ಬಿಡುವುದಕ್ಕೆ ಮನಸ್ಸು ಒಪ್ಪಲಿಲ್ಲ.

ಅವನ ಕೆಲಸ ಹೆಸರಾಯಿತು. ಅಂಚು ಹೆರೆಯುವುದು ಬಂತು. ಗಂಟು ಅಡಗಿಸುವುದು ಬಂತು. ತೊಗಲನ್ನು ಮಡಿಸಿ ನೋಡಿಯೇ ಅದು ಮಳೆಗೆ ಬಿಗಿಯುತ್ತದೋ ಇಲ್ಲವೋ ಹೇಳಬಲ್ಲವನಾದ. ದೂರದೂರದಿಂದ ನೆಂಟರು ಬಂದು, ನಮಗೊಂದು ಜೊತೆ ಎಂದು ಕಾಲು ಚಾಚುತ್ತಿದ್ದರು.

ಇತ್ತ ಸೊಸೆಯ ಮಗಳು ಗೋಡೆ ಹಿಡಿದು ಎದ್ದು ನಿಂತಳು. ಗೋಡೆ ಬಿಟ್ಟು ಹೆಜ್ಜೆಯಿಟ್ಟಳು. ಮನೆಯವರೆಲ್ಲ ಸುತ್ತ ಕೂತು ಚಪ್ಪಾಳೆ ತಟ್ಟಿದರು. ಮಗು ಆ ಕಡೆಯಿಂದ ಈ ಕಡೆಗೆ ಬಂತು. ಮತ್ತೆ ಆ ಕಡೆಗೆ ಹೋಯಿತು. ಚಪ್ಪಾಳೆ ಒಬ್ಬೊಬ್ಬರದಾಗಿ ನಿಂತಿತು. ಮಗು ಬಲಕ್ಕೆ ಕುಸಿದು ಏಳುತ್ತಾ ನಡೆಯುತ್ತಿತ್ತು.

ಬೆಳೆದಂತೆ ಹೋಗುತ್ತದೆ ಎಂದು ಕಾದರು. ಹೋಗಲಿಲ್ಲ. ವೈದ್ಯನನ್ನು ಕರೆಸಿದರು. ಅವನು ಮಗುವಿನ ಕಾಲನ್ನು ಹಿಡಿದ, ಮಡಿಸಿದ, ಎಳೆದ. ಮಗು ಕಚಗುಳಿಯಾಗಿ ನಕ್ಕಿತು.

“ಮೂಳೆ ಸರಿಯಿದೆ, ನರ ಸರಿಯಿದೆ. ಇದು ಯಾರ ಹಿಂದೆ ನಡೆದು ಕಲಿತದ್ದು?” ಎಂದು ವೈದ್ಯ ಕೇಳಿದ.

ಸೊಸೆ ಎದ್ದು ಒಳಗೆ ಹೋದಳು. ಅವಳು ಹೋಗುವುದನ್ನು ಎಲ್ಲರೂ ನೋಡಿದರು. ಅಂದಿನಿಂದ ಮಗು ಎಚ್ಚರವಿರುವಷ್ಟು ಹೊತ್ತು ಅವಳು ಆದಷ್ಟು ಕೂತೇ ಇರುತ್ತಿದ್ದಳು. ಆದರೆ ಬಾವಿಗೆ ಹೋಗುವವರು ಬೇರೆ ಯಾರೂ ಇರಲಿಲ್ಲ.

ವರ್ತಕ ತನಗೆ ಬಂದ ವಿದ್ಯೆಯನ್ನೆಲ್ಲ ಒಟ್ಟುಮಾಡಿ ಮಗುವಿಗೊಂದು ಜೊತೆ ಮೆಟ್ಟು ಹೊಲಿಯಲು ಕೂತ. ಆಡಿನ ಮರಿಯ ತೊಗಲನ್ನು ಆರಿಸಿದ. ಅಂಚನ್ನು ಎಲೆಯಷ್ಟು ತೆಳ್ಳಗೆ ಹೆರೆದ. ಒಳಭಾಗವನ್ನು ಕೆನ್ನೆಗೆ ಒತ್ತಿ ನೋಡಿದ. ಎಲ್ಲಿಯೂ ಏನೂ ತಾಗಲಿಲ್ಲ. ಮರದ ಕೆಳಗಿನವನು ಕೂಡ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇದಕ್ಕೆ ನಾನು ಹೇಳೋದು ಏನೂ ಇಲ್ಲ ಧಣಿ ಎಂದ. ಈ ಸಲ ಅವನು ಹೆದರಿ ಹೇಳಿದ್ದಲ್ಲ.

ಮಗು ಮೆಟ್ಟು ಹಾಕಿಕೊಂಡಿತು. ಸದ್ದು ಕೇಳಿ ಖುಷಿಪಟ್ಟಿತು. ಅಂಗಳದ ತುಂಬ ಓಡಿತು. ಮೆಟ್ಟು ಕಚ್ಚಲಿಲ್ಲ, ಕಾಲು ನೋಯಲಿಲ್ಲ. ಮಗು ಕುಂಟುತ್ತಲೇ ಓಡಿತು.

ವರ್ತಕ ನೋಡುತ್ತಾ ಕೂತ. ಸೊಸೆ ಬಾಗಿಲಲ್ಲಿ ನಿಂತಿದ್ದಳು. ಅವನು ಅವಳ ಕಡೆ ತಿರುಗದೆಯೇ ಕೇಳಿದ.

“ಅಷ್ಟು ನೋಯುತ್ತಿದೆ ಅಂತ ಅವತ್ತೇ ನನಗೆ ಹೇಳಬಾರದಿತ್ತೇನಮ್ಮ?”

“ಹೇಳಿದ್ದೆ ಮಾವ. ಕಟ್ಟು ಬಿಚ್ಚಿ ಕಾಲು ತೋರಿಸಿದೆ. ನೀವು ಮೆಟ್ಟು ನೋಡಿದಿರಿ” ಎಂದಳು ಸೊಸೆ.

ಗುರು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯನಿಗೆ ಇದು ಒಪ್ಪಿಗೆಯಾಗಲಿಲ್ಲ. “ಹಾಗಾದರೆ ವರ್ತಕ ಆ ವಿದ್ಯೆಗೆ ಕೈ ಹಾಕಲೇಬಾರದಿತ್ತೇ ಗುರುಗಳೇ? ಯಾರು ಹೊಲಿದರೂ ಮೊದಲ ಜೊತೆ ಕಚ್ಚಿಯೇ ಕಚ್ಚುತ್ತದೆ. ಅದನ್ನು ಯಾರಾದರೂ ಒಬ್ಬರು ಮೆಟ್ಟಲೇಬೇಕಿತ್ತಲ್ಲ?” ಎಂದ.

ಗುರು ಹೇಳಿದರು, “ಮೆಟ್ಟಲೇಬೇಕಿತ್ತು. ವರ್ತಕನಿಗೂ ಎರಡು ಕಾಲುಗಳಿದ್ದವು.”