ವೈದ್ಯನ ಕೈಗುಣ

"ಅನುಭವಕ್ಕಿಂತ ದೊಡ್ಡ ಗುರುವಿಲ್ಲ ಎನ್ನುತ್ತಾರೆ. ಹಾಗಿದ್ದರೆ ಅನುಭವಸ್ಥರೂ ಎಡವುವುದೇಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದೂರಿನಲ್ಲಿ ಕಾಮಾಲೆಗೆ ಮದ್ದು ಕೊಡುವ ವೈದ್ಯನಿದ್ದ. ಹಿತ್ತಲ ಸೊಪ್ಪನ್ನೇ ಅರೆದು ಮೂರು ದಿನ ಕುಡಿಸುತ್ತಿದ್ದ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಅವನ ಮುಂದೆ ನಡೆಯುತ್ತಿರಲಿಲ್ಲ. ಹಣ ಮುಟ್ಟುತ್ತಿರಲಿಲ್ಲ, ವಾಸಿಯಾದವರು ಒಂದು ತೆಂಗಿನಕಾಯಿ ತಂದು ಕೈಮುಗಿದರೆ ಸಾಕು. ಅವನ ಜಗಲಿಯಲ್ಲಿ ಕಾಯಿ ಇಲ್ಲದ ದಿನವೇ ಇರಲಿಲ್ಲ. ತನ್ನ ಮದ್ದು ಎಂದೂ ಸೋತಿಲ್ಲವೆಂದು ಅವನು ನಂಬಿದ್ದ. ನಂಬದೆ ಏನು ಮಾಡಿಯಾನು, ಪಾಪ? ಕಣ್ಣೆದುರಿಗೇ ಕಾಣುತ್ತಿತ್ತು.

ಒಮ್ಮೆ ಅವನ ಹೆಂಡತಿಗೇ ಕಾಮಾಲೆ ಬಂತು. ಮೂರು ದಿನ ಮದ್ದು ಕುಡಿದರೂ ಕಣ್ಣಿನ ಹಳದಿ ಇಳಿಯಲಿಲ್ಲ. ಹೊಳೆಯಾಚೆಯ ಊರಿನಲ್ಲಿ ಹೆಸರಾಂತ ಪಂಡಿತನೊಬ್ಬನಿದ್ದ.

"ಅವರಿಗೊಂದ್ಸಲ ತೋರಿಸೋಣವಾ?" ಎಂದು ಅವಳು ಮೆಲ್ಲಗೆ ಕೇಳಿದಳು.

"ಊರಿಗೆಲ್ಲ ಗುಣವಾದದ್ದು ನಿನಗೊಬ್ಬಳಿಗೆ ಆಗೋದಿಲ್ವಾ? ಜಗಲಿ ನೋಡು" ಎಂದ.

ಅವಳು ಮತ್ತೆ ಕೇಳಲಿಲ್ಲ. ಗಂಡನ ಮಾತಿಗೆ ಇನ್ನೂ ಆರು ದಿನ ಅದನ್ನೇ ಕುಡಿದಳು. ಏಳನೆಯ ದಿನ ತೀರಿಕೊಂಡಳು.

ಸೂತಕ ಕಳೆದ ಮೇಲೆ ವೈದ್ಯನಿಗೆ ಮೊದಲ ಸಲ ಸಂಶಯ ಹುಟ್ಟಿತು. ಹಿಂದಿನ ವರ್ಷ ತನ್ನಿಂದ ಮದ್ದು ಒಯ್ದು, ಮತ್ತೆ ಮುಖ ತೋರಿಸದ ಕುಂಬಾರನೊಬ್ಬನ ಮನೆ ಹುಡುಕಿಕೊಂಡು ಹೋದ. ಕುಂಬಾರನ ತಾಯಿ ಚಾಪೆ ಹಾಸಿ ಕೂರಿಸಿದಳು. ಮಗ ಆ ವಾರವೇ ಹೋದನೆಂದಳು.

"ನನಗೊಂದು ಮಾತು ಹೇಳಬಾರದಿತ್ತೇನಮ್ಮ?"

"ಸಾವಿನ ಸುದ್ದಿ ವೈದ್ಯರ ಬಾಗಿಲಿಗೆ ತಂದರೆ ಅವರ ಕೈಗುಣ ಕೆಡ್ತದಂತೆ, ಸ್ವಾಮಿ. ನಾಲ್ಕು ಜನಕ್ಕೆ ಒಳ್ಳೇದು ಮಾಡೋ ಕೈ. ಅದಕ್ಕೇ ನಾವ್ಯಾರೂ ಬರಲಿಲ್ಲ."

'ನಾವ್ಯಾರೂ' ಎಂದರೆ ಎಷ್ಟು ಮನೆ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ. ಅಲ್ಲಿಂದೆದ್ದು ಹೊಳೆಯ ದಡದಲ್ಲಿ ಕೂತ. ಆಚೆಯ ಊರು ದೋಣಿಯಲ್ಲಿ ಅರ್ಧ ಗಳಿಗೆಯ ದಾರಿ. ಅವಳು ಕೇಳಿದ್ದು ಒಂದೇ ಸಲ. ಅದನ್ನೂ ನಡೆಸಿಕೊಡಲಿಲ್ಲವಲ್ಲ ಎಂದು ಅತ್ತ.

ಗುರುಗಳು ಕತೆ ನಿಲ್ಲಿಸಿದರು.

"ಬಾರದವರನ್ನು ಅವನು ಮೊದಲೇ ವಿಚಾರಿಸಬೇಕಿತ್ತು" ಎಂದ ಶಿಷ್ಯ.

"ನನ್ನ ಮಾತು ಕೇಳಿ ಕೆಟ್ಟವರೂ ಇರಬೇಕು, ಮಗು, ಇಲ್ಲಿಗೆ ತಿರುಗಿ ಬರುವವರೆಲ್ಲ ಒಳ್ಳೆಯದಾಯಿತೆಂದು ಹಣ್ಣು ತರುವವರೇ" ಎಂದರು ಗುರುಗಳು.