ಅವ್ವ ಒರೆಸಿದ ಹಲಗೆ

ಗುರುಗಳು ಹಲಗೆಗೆ ಕೈ ಹಾಕುವಷ್ಟರಲ್ಲಿ ಮರಿಸಿದ್ಧ ಓಡಿಬಂದು ಅಡ್ಡ ನಿಂತ.

"ಮುಟ್ಟಬೇಡಿ ಗುರುಗಳೇ. ಅಳಿಸಿಹೋದೀತು."

ಹೊಳೆದಂಡೆಯ ಆಶ್ರಮಕ್ಕೆ ಚಿತ್ರ ಕಲಿಯಲು ಬಂದವನು ಅವನು. ಹುಣಸೆಕಡ್ಡಿಯ ಇದ್ದಿಲಿನಲ್ಲಿ ತನ್ನ ಅವ್ವನ ಮುಖ ಬರೆದು ಮೂರು ತಿಂಗಳಾಗಿತ್ತು. ಕೆಲಸ ಅಲ್ಲೇ ನಿಂತಿತ್ತು.

"ಮಸಿಗೆರೆ ಹಾಕಿದೆಯೇನೋ?" ಎಂದರು ಗುರುಗಳು.

"ಇಲ್ಲ."

ಕ್ರಮ ಅವನಿಗೆ ಗೊತ್ತಿತ್ತು. ಇದ್ದಿಲ ಗೆರೆಯ ಮೇಲೆ ಕುಂಚದಿಂದ ಮಸಿಯ ಗೆರೆ ಎಳೆಯಬೇಕು. ಇದ್ದಿಲನ್ನು ಬಟ್ಟೆಯಿಂದ ಕೊಡವಬೇಕು. ಆಮೇಲೆ ಬಣ್ಣ, ಚಿನ್ನದ ರೇಕು. ಮುಖಕ್ಕೆ ಬಣ್ಣ ಕಟ್ಟಕಡೆಗೆ.

"ಯಾಕೆ ಹಾಕಿಲ್ಲ?"

"ಮಸಿ ಬಿದ್ದರೆ ಗೆರೆ ಬಿಗಿಯುತ್ತದೆ. ಅವ್ವ ಬೊಂಬೆಯಾಗಿಬಿಡುತ್ತಾಳೆ. ಹೋದ ಸಲ ಹಾಗೇ ಆಯಿತು."

"ಅವಳ ಕಣ್ಣು ಹೇಗಿದೆ?"

"ಒಂದು ಹೋಯಿತು. ಇನ್ನೊಂದು ದೀಪಾವಳಿವರೆಗೆ ಉಳಿದರೆ ಹೆಚ್ಚು ಅಂದರು ಪಂಡಿತರು."

"ಇದನ್ನು ನೋಡಿದ್ದಾಳಾ?"

"ಮುಗಿಸಿ ತೋರಿಸೋಣ ಅಂತ..."

ಗುರುಗಳು ಕೋಲು ತೆಗೆದುಕೊಂಡು ಹೊರಟುಹೋದರು.

ಮಧ್ಯಾಹ್ನ ಹರಿಗೋಲು ದಡಕ್ಕೆ ಬಂತು. ಗುರುಗಳ ಕೋಲಿನ ತುದಿ ಹಿಡಿದುಕೊಂಡು ಅವ್ವ ದೇವೀರಮ್ಮ ಇಳಿದಳು.

"ನಿನಗೆ ಜ್ವರವೋ ಏನೋ ಅಂತ ಜೀವ ಬಾಯಿಗೆ ಬಂದಿತ್ತು ಮಗಾ. ಕೇಳಿದರೆ ಈ ಬುದ್ಯೋರು ಒಂದು ಮಾತೂ ಆಡಲಿಲ್ಲ. ಬಾಯಲ್ಲಿ ಕಡುಬು ಇಟ್ಟುಕೊಂಡವರ ಹಾಗೆ ಕೂತಿದ್ದರು."

ಗುರುಗಳು ಅವಳನ್ನು ಹಲಗೆಯ ಮುಂದೆ ಕೂರಿಸಿದರು.

ಅವಳು ಬಗ್ಗಿ, ಉಳಿದ ಒಂದು ಕಣ್ಣನ್ನು ಹಲಗೆಯ ಹತ್ತಿರ ತಂದಳು.

"ಥೂ, ಏನು ಕೊಳೆಯೋ! ಇದರ ಮೇಲಾ ಚಿತ್ರ ಬರೆಯೋದು?"

ಸೆರಗಿನಿಂದ ಒರೆಸಿದಳು. ಎರಡೇ ಸಲ.

"ಅವ್ವಾ!"

ಮುಖ ಹೋಗಿತ್ತು. ಹಲಗೆಯ ಮೇಲೆ ಬೂದುಬಣ್ಣದ ಕಲೆಯೊಂದು ಉಳಿದಿತ್ತು.

"ಯಾಕೋ? ಏನಾಯ್ತೋ?"

ಮರಿಸಿದ್ಧ ಗುರುಗಳ ಕಡೆ ನೋಡಿದ. ಅವರು ಮಸಿಯ ಬಟ್ಟಲನ್ನು ಮುಂದಕ್ಕೆ ನೂಕಿದರು. ಇದ್ದ ಕುಂಚಗಳಲ್ಲಿ ದಪ್ಪನೆಯದನ್ನು ಆರಿಸಿ ಅವನ ಕೈಗಿಟ್ಟರು.

"ಏನಿಲ್ಲವ್ವ. ಹಲಗೆ ಚೊಕ್ಕಟವಾಯ್ತು," ಎಂದ ಮರಿಸಿದ್ಧ. "ಸ್ವಲ್ಪ ಅಲುಗಾಡದೆ ಕೂತುಕೋ."

ಅವಳೇನು ಅಲುಗಾಡದೆ ಕೂರುವವಳೇ? ಎಮ್ಮೆ ಕರು ಹಾಕಿದ್ದು, ಅದಕ್ಕೆ ಪಕ್ಕದ ಮನೆಯವಳ ಹೊಟ್ಟೆ ಉರಿದದ್ದು, ಎಲ್ಲ ಹೇಳಿದಳು. ಅವನಿಗೆ ನಗು ಬಂತು. ಕೈ ಅಲುಗಿ ಗೆರೆ ಒಂದೆರಡು ಕಡೆ ಜಾರಿತು. ಮಸಿಯನ್ನು ತಿದ್ದುವ ಹಾಗಿಲ್ಲ. ಮುಂದೆ ಎಳೆದ.

ಅವಳು ಆಶ್ರಮದಲ್ಲೇ ಉಳಿದಳು. ಒಂಬತ್ತನೆಯ ದಿನ ಮುಖಕ್ಕೆ ಬಣ್ಣ ತುಂಬಿ, ಕಣ್ಣು ಬರೆದು, ಕುಂಚ ಕೆಳಗಿಟ್ಟ.

ದೇವೀರಮ್ಮ ಹಲಗೆಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಮೂಗು ನಿಮ್ಮಜ್ಜಿದು ಹಾಕಿದ್ದೀಯ," ಎಂದಳು.

ಹಲಗೆಯನ್ನು ಮತ್ತೆ ಕಣ್ಣಿನ ಹತ್ತಿರ ತಂದು, "ನಾನೇ," ಎಂದಳು.

ಹಲಗೆಯನ್ನು ಎದೆಗವಚಿಕೊಂಡೇ ಹರಿಗೋಲು ಹತ್ತಿದಳು. ಅದು ಆಚೆ ದಡ ಸೇರುವವರೆಗೂ ಮರಿಸಿದ್ಧ ನಿಂತಿದ್ದ.

"ಗುರುಗಳೇ, ಹೇಳಿದರೆ ಬೈಯಬೇಡಿ. ಮೊದಲು ಬರೆದದ್ದೇ ಚೆನ್ನಾಗಿತ್ತು."

"ಚೆನ್ನಾಗಿತ್ತು," ಎಂದರು ಗುರುಗಳು. "ಅವಳಿಗೆ ಕಾಣಲಿಲ್ಲ."